ಆಟಿ ಮಳೆಯಲ್ಲಿ ಬೆಳ್ಳಿ ಮಿಗ್

ನಾನು ಕೂಡಿಸುತ್ತಿರುವ ಪ್ಲಾಸ್ಟಿಕ್ ವಿಮಾನದ ಬಣ್ಣಕ್ಕೆ ಮೂರು ಸಲ ಬೂದು ಹಿಡಿಯಿತು. ನಾಲ್ಕನೇ ಸಲ, ತುಳುನಾಡಿನ ಮಳೆಯ ತಿಂಗಳಾದ ಈ ಆಟಿಯಲ್ಲೇ, ಹಿಡಿಯಲಿಲ್ಲ. ಆ ಖುಷಿಯಲ್ಲಿ ಇದನ್ನು ಬರೆಯುತ್ತಿದ್ದೇನೆ. ಕೈಯಲ್ಲಿ ಇನ್ನೂ ಥಿನ್ನರ್ ವಾಸನೆ ಇದೆ. ಮಧ್ಯಾಹ್ನದ ಸಾರಿಗೂ ಅದೇ ವಾಸನೆ ಬಂತು.

ಹಿಂದಿನ ಸಲ ಬರೆದಾಗ 1:48 ಅಳತೆಯ ಮಿಗ್-21 ಎಫ್‌ಎಲ್ ಯುದ್ಧವಿಮಾನದ ಮಾದರಿ ಪ್ರೈಮರ್ (ಬಣ್ಣಕ್ಕೆ ಮೊದಲಿನ ತಳಲೇಪ) ಹಂತದಲ್ಲಿತ್ತು. ಅಲ್ಲಿಯವರೆಗಿನ ಕಥೆ ನಿಮಗೆಲ್ಲ ಗೊತ್ತಿರುವುದೇ. ಪುಟ್ಟಿ, ಉಜ್ಜುವುದು, ಬೆಳಕಿಗೆ ಹಿಡಿದು ನೋಡುವುದು, ಬಯ್ಯುವುದು, ಮತ್ತೆ ಪುಟ್ಟಿ. ಬೆನ್ನಿನ ಸಂದಿ ಈಗ ಕಾಣುವುದಿಲ್ಲ. ಹೊಟ್ಟೆಯ ಅಡಿಯ ಸಂದಿ ಸ್ವಲ್ಪ ಕಾಣುತ್ತದೆ. ಅಲ್ಲಿ ಗನ್ ಪಾಡ್ (ಬಂದೂಕಿನ ಗೂಡು) ಬರುತ್ತದೆ, ಮುಚ್ಚಿಹೋಗುತ್ತದೆ. ಯಾರಿಗೂ ಹೇಳಬೇಡಿ.

ಈ ಡಬ್ಬಿಯನ್ನು ತೆರೆದದ್ದು 2025ರ ಸೆಪ್ಟೆಂಬರ್ 26ರ ರಾತ್ರಿ. ಆ ದಿನ ಚಂಡೀಗಢದಲ್ಲಿ ಮಿಗ್-21ಗಳನ್ನು ಬೀಳ್ಕೊಟ್ಟರು. 1963ರಲ್ಲಿ ಸೇವೆಗೆ ಸೇರಿದ ವಿಮಾನ, 62 ವರ್ಷ ದುಡಿಯಿತು. ಕೇರಳ ಸರಕಾರ ನಮ್ಮಂಥ ಮಾಷ್ಟ್ರುಗಳನ್ನು 56ಕ್ಕೇ ಮನೆಗೆ ಕಳಿಸುತ್ತದೆ. ನನಗಿಂತ ಅದೇ ಗಟ್ಟಿ.

ಬೆಳ್ಳಿ ಬಣ್ಣವೇ ಬೇಕು ಅನ್ನುವುದು ನನ್ನ ಹಟ. 1971ರ ಡಿಸೆಂಬರ್ 14ರಂದು ಢಾಕಾದ ಗವರ್ನರ್ ಹೌಸಿಗೆ ರಾಕೆಟ್ ಹೊಡೆದದ್ದು ಮಿಗ್-21ಗಳೇ ಅಲ್ವಾ, ಯುದ್ಧಕಾಲದ ಹಸಿರು ಹೊಡೆದುಬಿಡಿ, ಸುಲಭ ಅಂತ ಇಬ್ಬರು ಗೆಳೆಯರು ಹೇಳಿದರು. ಸುಲಭ ಹೌದು. ಆದರೆ ನನ್ನ ತಲೆಯಲ್ಲಿರುವ ಮಿಗ್ ಹಸಿರಲ್ಲ. ನನ್ನ ಸೋದರಮಾವ ಏರ್‌ಫೋರ್ಸಿನಲ್ಲಿ ಫಿಟ್ಟರ್ ಆಗಿದ್ದರು. ರಜೆಯಲ್ಲಿ ಊರಿಗೆ ಬಂದಾಗ ಒಂದು ಫೋಟೋ ತೋರಿಸಿದ್ದರು. ಬಿಸಿಲಲ್ಲಿ ಹೊಳೆಯುವ ವಿಮಾನ, ಅದರ ಮೂಗಿನ ಮುಂದೆ ವೇಗ ಅಳೆಯುವ ಅಷ್ಟುದ್ದದ ಪಿಟೋ ಕೊಳವೆ. ನನಗೆ ಆಗ ಒಂಬತ್ತೋ ಹತ್ತೋ. "ಮಾವ, ಅದು ಬೆಳ್ಳಿಯದ್ದಾ?" ಅಂತ ಕೇಳಿದೆ. "ಬೆಳ್ಳಿ ಎಂತದು ಮಾರಾಯ, ನಿನ್ನ ಅಮ್ಮನ ಗಂಜಿ ಪಾತ್ರೆ ಉಂಟಲ್ಲ, ಅದೇ ಅಲ್ಯೂಮಿನಿಯಂ" ಅಂದರು. ಅದಕ್ಕೆ ಮೊದಲು ನಾನು ಹತ್ತಿರದಿಂದ ನೋಡಿದ್ದ ವಿಮಾನ ಒಂದೇ, ಮಂಗಳೂರಿನ ಬಜಪೆ ನಿಲ್ದಾಣದಲ್ಲಿ ಇಳಿಯುತ್ತಿದ್ದ ಆವ್ರೊ ಎಂಬ ಪ್ರಯಾಣಿಕರ ವಿಮಾನ. ಅಪ್ಪ ಎರಡು ಬಸ್ಸು ಬದಲಿಸಿ ಕರೆದುಕೊಂಡು ಹೋಗಿದ್ದರು. ಅದು ಇಳಿಯುವುದನ್ನು ನೋಡಿ, ಬೇಲಿ ಬದಿಯಲ್ಲಿ ಬುತ್ತಿ ಉಂಡು ವಾಪಸ್ ಬಂದೆವು. ಆವ್ರೊ ಚಂದವೇ. ಆದರೆ ಮಿಗ್ ಮಿಗ್ಗೇ.

ಈಗ ಬೂದಿನ ಕಥೆ.

ಬೆಳ್ಳಿ ಹೊಳೆಯಬೇಕಾದರೆ ಅಡಿಯಲ್ಲಿ ಕನ್ನಡಿಯಂಥ ಕಪ್ಪು ಬೇಕು. ಜೂನ್ ಕೊನೆಯಲ್ಲಿ ಹೊಳೆಯುವ ಕಪ್ಪು ಲ್ಯಾಕರ್ (ಬೇಗ ಒಣಗುವ ಬಣ್ಣ) ಹೊಡೆದೆ. ಹೊಡೆಯುವಾಗ ಎಷ್ಟು ಚಂದ ಇತ್ತು ಅಂದರೆ ನನ್ನ ಕನ್ನಡಕ ರೆಕ್ಕೆಯಲ್ಲಿ ಕಾಣುತ್ತಿತ್ತು. ಬಣ್ಣ ಸಿಂಪಡಿಸುವ ಏರ್‌ಬ್ರಶ್ ಕೆಳಗಿಟ್ಟು ತಿರುಗುವಷ್ಟರಲ್ಲಿ ಇಡೀ ವಿಮಾನ ಬೂದುಗುಂಬಳ. ಉಗುರಿನಲ್ಲಿ ಕೆರೆದರೆ ಪುಡಿ ಬರುವುದಿಲ್ಲ. ಬಿಳುಪು ಬಣ್ಣದ ಒಳಗೇ ಕೂತಿದೆ.

ಮೊದಲ ಸಂಶಯ ಏರ್‌ಬ್ರಶ್ಶಿಗೆ ಗಾಳಿ ಕೊಡುವ ಕಂಪ್ರೆಸರ್ ಮೇಲೆ. ಮಳೆಗಾಲದಲ್ಲಿ ಅದರ ಹೊಟ್ಟೆಯಲ್ಲಿ ಬಾವಿಯೇ ಇರುತ್ತದೆ. ಟ್ಯಾಂಕ್ ಖಾಲಿ ಮಾಡಿದೆ. ನೀರು ಹಿಡಿಯುವ ಫಿಲ್ಟರ್ ಹೊಸದು ಹಾಕಿದೆ. ಎಲ್ಲ ಬಣ್ಣ ತೆಗೆದು ಮತ್ತೆ ಹೊಡೆದೆ. ಮತ್ತೆ ಬೂದುಗುಂಬಳ. ಆಮೇಲೆ ಕೂತು ಯೋಚಿಸಿದಾಗ ನಾಚಿಕೆಯಾಯಿತು. ಪೈಪಿನಿಂದ ನೀರು ಬಂದರೆ ಹನಿ ಹನಿಯಾಗಿ ಉಗುಳಬೇಕು, ಅಲ್ಲಲ್ಲಿ ಚುಕ್ಕೆ ಬೀಳಬೇಕು. ಹೀಗೆ ಎಲ್ಲ ಕಡೆ ಒಂದೇ ಸಮ ಮಂಜು ಕವಿಯುವುದಿಲ್ಲ. ಮಕ್ಕಳಿಗೆ ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವನಿಗೆ ಇದು ಮೊದಲೇ ಹೊಳೆಯಬೇಕಿತ್ತು.

ಎರಡನೇ ಸಂಶಯ ಬಣ್ಣದ ಮೇಲೆ. ಹೊಸ ಬಾಟಲಿ ಮತ್ತು ಥಿನ್ನರಿಗೆ ಆರ್ಡರ್ ಹಾಕಿದೆ. ಇಲ್ಲಿ ಸ್ವಲ್ಪ ಹೊತ್ತು ಬಯ್ಯಲು ಬಿಡಿ. ಮೊದಲು ಅಂಗಡಿಯವರ ಫೋನ್ ಬಂತು. ಥಿನ್ನರ್ ಬೆಂಕಿ ಹತ್ತುವ ವಸ್ತು, ವಿಮಾನದಲ್ಲಿ ಕಳಿಸಲು ಆಗುವುದಿಲ್ಲವಂತೆ. ವಿಮಾನಕ್ಕೆ ಬೇಕಾದ ಥಿನ್ನರಿಗೆ ವಿಮಾನ ಹತ್ತುವ ಯೋಗ ಇಲ್ಲ. ಆಯಿತು, ರಸ್ತೆಯಲ್ಲಿ ಬರಲಿ ಅಂದೆ. ಪಾರ್ಸೆಲ್ ಮಂಗಳೂರಿಗೆ ಬಂತು. ಮಂಗಳೂರಿಂದ ನಮ್ಮ ಮಂಜೇಶ್ವರಕ್ಕೆ ಬಸ್ಸಿನಲ್ಲಿ ಒಂದು ಗಂಟೆ. ಆದರೆ ನಮ್ಮ ಪಿನ್ ಶುರುವಾಗುವುದು 671ರಿಂದ, ಅಂದರೆ ಕೇರಳ. ಹಾಗಾಗಿ ಅದು ನಮ್ಮ ಮನೆ ಮುಂದಿನ ಹೈವೇಯಲ್ಲೇ ದಕ್ಷಿಣಕ್ಕೆ ಓಡಿ, ಎರ್ನಾಕುಳಂನಲ್ಲಿ ನಾಲ್ಕು ದಿನ ವಿಶ್ರಾಂತಿ ಪಡೆದು, ಅದೇ ಹೈವೇಯಲ್ಲಿ ಉತ್ತರಕ್ಕೆ ಬಂತು. ಬಿಚ್ಚಿ ನೋಡಿದರೆ ಲ್ಯಾಕರ್ ಥಿನ್ನರ್ ಬದಲು ಎನಾಮಲ್ ಥಿನ್ನರ್! ಕೇಳಿದರೆ "ಎರಡೂ ಒಂದೇ ಸಾರ್" ಅಂತ ಉತ್ತರ. ಒಂದೇ ಅಂತೆ. ಕಾಫಿಗೆ ಮಜ್ಜಿಗೆ ಹಾಕಿ ಕುಡಿಯಲಿ, ಅದೂ ಬಿಳಿಯೇ.

ಗೋಡೆಯ ಮೇಲಿನ ತೇವಾಂಶದ ಮಾಪಕವನ್ನು ಸರಿಯಾಗಿ ನೋಡಿದ್ದು ಆಗಲೇ. ಶೇ. 92. ಉಷ್ಣತೆ 28 ಡಿಗ್ರಿ. ಹಗ್ಗದ ಮೇಲಿನ ಬಟ್ಟೆ ನಾಲ್ಕು ದಿನದಿಂದ ಚಂಡಿ. ಅಡಿಗೆಮನೆಯಿಂದ ಇವಳು ಹೇಳಿದಳು: "ಡಬ್ಬದಿಂದ ತೆಗೆದ ಹಪ್ಪಳ ಎಣ್ಣೆಗೆ ಹಾಕುವ ಮೊದಲೇ ಮೆತ್ತಗಾಗುತ್ತದೆ. ನಿಮ್ಮ ಬಣ್ಣ ಮಾತ್ರ ಸರಿ ಒಣಗಬೇಕಾ?"

ಲೆಕ್ಕ ಹಾಕಿ ನೋಡಿದೆ. ಲ್ಯಾಕರ್ ಥಿನ್ನರ್ ಬಹಳ ಬೇಗ ಆರುತ್ತದೆ. ಆರುವಾಗ ಮೇಲ್ಮೈಯ ಬಿಸಿ ಎಳೆದುಕೊಳ್ಳುತ್ತದೆ. ಅಂಗೈಗೆ ಎರಡು ಹನಿ ಬಿಟ್ಟರೆ ತಣ್ಣಗಾಗುತ್ತದಲ್ಲ, ಅದೇ. 28 ಡಿಗ್ರಿಯಲ್ಲಿ ಶೇ. 92 ತೇವ ಇದ್ದರೆ ಇಬ್ಬನಿ ಕಟ್ಟುವ ಉಷ್ಣತೆ ಸುಮಾರು 26.5. ಅಂದರೆ ರೆಕ್ಕೆ ಬರೀ ಒಂದೂವರೆ ಡಿಗ್ರಿ ತಣಿದರೂ ಸಾಕು, ಗಾಳಿಯ ನೀರು ಹಸಿ ಬಣ್ಣದ ಮೇಲೆ ಕೂರುತ್ತದೆ. ಬಣ್ಣ ಅದನ್ನು ಒಳಗೆ ಸೇರಿಸಿಕೊಂಡೇ ಗಟ್ಟಿಯಾಗುತ್ತದೆ. ಅದೇ 28 ಡಿಗ್ರಿಯಲ್ಲಿ ತೇವ ಶೇ. 60 ಇದ್ದರೆ ಎಂಟೂವರೆ ಡಿಗ್ರಿ ತಣಿಯಬೇಕು. ಜನವರಿಯಲ್ಲಿ ಇದೇ ಬಾಟಲಿ, ಇದೇ ಕೈ, ಇದೇ ಕೋಣೆಯಲ್ಲಿ ಏನೂ ಆಗಿರಲಿಲ್ಲ ಯಾಕೆ ಅಂತ ಈಗ ಗೊತ್ತಾಯಿತು.

ಹಾಗಾದರೆ ಬಿಸಿ ಪೆಟ್ಟಿಗೆ ಮಾಡೋಣ ಅಂದುಕೊಂಡೆ. ಹಳೆಯ ಮೀನಿನ ಥರ್ಮೋಕೋಲ್ ಪೆಟ್ಟಿಗೆ ಸಿಕ್ಕಿತು. (ಎಷ್ಟು ತೊಳೆದರೂ ಬಂಗುಡೆ ಹೋಗುವುದಿಲ್ಲ.) ಬಲ್ಬ್ ಸಿಗಲಿಲ್ಲ. ಯಾವ ಅಂಗಡಿಗೆ ಹೋದರೂ ಎಲ್‌ಇಡಿ. ಬಿಸಿಯಾಗುವ ಬಲ್ಬ್ ಕೊಡಿ ಅಂದರೆ ನನ್ನನ್ನೇ ಮೇಲಿಂದ ಕೆಳಗೆ ನೋಡುತ್ತಾರೆ. ಕೊನೆಗೆ ಒಂದು ಹಳೇ ಅಂಗಡಿಯ ಅಟ್ಟದಲ್ಲಿ 100 ವಾಟಿನ ಫಿಲಮೆಂಟ್ ಬಲ್ಬ್ ಸಿಕ್ಕಿತು. ಖುಷಿಯಲ್ಲಿ ಬಣ್ಣ ಹೊಡೆದು, ತಕ್ಷಣ ವಿಮಾನವನ್ನು ಪೆಟ್ಟಿಗೆಯೊಳಗಿಟ್ಟು, ಊಟಕ್ಕೆ ಹೋದೆ. ಬಂದು ನೋಡಿದರೆ ಬೂದು ಹಾಗೇ ಇದೆ. ಜೊತೆಗೆ ಮೂಗಿನ ಮುಂದಿನ ಪಿಟೋ ಕೊಳವೆ ಬದನೆಕಾಯಿ ತೊಟ್ಟಿನ ಹಾಗೆ ಬಗ್ಗಿದೆ. ಸೀದಾ ಬಲ್ಬಿನ ಎದುರೇ ಇಟ್ಟಿದ್ದೆ. ಬುದ್ಧಿ ನೋಡಿ.

ಪಿಟೋ ದೊಡ್ಡ ವಿಷಯವಲ್ಲ. ಇಂಜೆಕ್ಷನ್ ಸೂಜಿಗಳನ್ನು ಒಂದರೊಳಗೆ ಒಂದು ತೂರಿಸಿ ಹೊಸದು ಮಾಡಿದೆ. ಪ್ಲಾಸ್ಟಿಕ್ಕಿಗಿಂತ ಚಂದ ಬಂದಿದೆ, ಎರಡು ಸಲ ಬೆರಳಿಗೆ ಚುಚ್ಚಿಯೂ ಆಯಿತು. ಆದರೆ ಬೂದು ಯಾಕೆ ಹೋಗಲಿಲ್ಲ ಅಂತ ತಲೆಗೆ ಹೋಗಲಿಲ್ಲ.

ಉತ್ತರ ಸಿಕ್ಕಿದ್ದು ಹೊಸಂಗಡಿಯಲ್ಲಿ. ಸ್ಕೂಟರಿನ ಮಡ್ಗಾರ್ಡಿಗೆ ಬಣ್ಣ ಹೊಡೆಸಲು ಹೋಗಿದ್ದೆ. ಪೈಂಟರಣ್ಣ ಹಳೇ ಕೈ, ಅಂಬಾಸಿಡರ್ ಕಾಲದವನು. ಸುಮ್ನೆ ಮಾತಿಗೆ ನನ್ನ ಗೋಳು ಹೇಳಿದೆ. ಅವನು ನಕ್ಕ. "ಮಾಷ್ಟ್ರೇ, ಆಟಿಯಲ್ಲಿ ರಿಟಾರ್ಡರ್ ಇಲ್ಲದೆ ಲ್ಯಾಕರ್ ಹೊಡೆಯುವುದುಂಟಾ? ಮತ್ತೆ, ತಣ್ಣನೆ ತಗಡಿಗೆ ಹೊಡೆಯುವುದಾ? ನಾವು ಮೊದಲು ದೀಪ ಹಿಡಿದು ತಗಡು ಬಿಸಿ ಮಾಡುತ್ತೇವೆ."

ಮೊದಲು ಬಿಸಿ ಮಾಡಬೇಕು! ನಾನು ಮಾಡಿದ್ದು ಉಲ್ಟಾ. ಬೂದು ಹಿಡಿಯುವುದು ಹೊಡೆದ ಮೊದಲ ನಿಮಿಷದಲ್ಲಿ. ಅದಾದ ಮೇಲೆ ಪೆಟ್ಟಿಗೆಯಲ್ಲಿಟ್ಟರೆ ಒಳಗೆ ಸಿಕ್ಕಿಕೊಂಡ ಬಿಳುಪು ಇನ್ನೂ ಚೆನ್ನಾಗಿ ಗಟ್ಟಿಯಾಗುತ್ತದೆ, ಅಷ್ಟೇ.

ಒಂದು ಸಣ್ಣ ಬಾಟಲಿ ರಿಟಾರ್ಡರ್ ಅವನೇ ಕೊಟ್ಟ, ದುಡ್ಡು ತೆಗೆದುಕೊಳ್ಳಲಿಲ್ಲ. ಇದು ನಿಧಾನ ಆರುವ ದ್ರವ. ಥಿನ್ನರ್ ನಿಧಾನ ಆರಿದರೆ ತಣಿಯುವುದೂ ಕಡಿಮೆ, ಕೂತ ನೀರಿಗೆ ಹೊರಗೆ ಹೋಗಲು ಸಮಯವೂ ಸಿಗುತ್ತದೆ. ಆದರೆ ಹುಷಾರು, ಕಾರಿನ ಸಾಮಾನು ತಗಡಿಗೆ ಮಾಡಿದ್ದು, ನಮ್ಮ ಪ್ಲಾಸ್ಟಿಕ್ಕಿಗಲ್ಲ. ಬರೀ ರಿಟಾರ್ಡರನ್ನು ಪ್ಲಾಸ್ಟಿಕ್ ಚಮಚಕ್ಕೆ ಹಚ್ಚಿದೆ, ಚಮಚ ಅಂಟಂಟಾಯಿತು. ಬೆರೆಸಿ ಹನ್ನೊಂದು ಚಮಚ ಹಾಳು ಮಾಡಿದ ಮೇಲೆ ನನ್ನ ಬಣ್ಣಕ್ಕೆ ಹೊಂದಿದ ಲೆಕ್ಕ: 10 ಎಂ.ಎಲ್. ಥಿನ್ನರಿಗೆ 8 ಹನಿ. ನಿಮ್ಮದಕ್ಕೆ ನೀವೇ ಚಮಚ ಹಾಳು ಮಾಡಿಕೊಳ್ಳಿ.

ಬಲ್ಬೂ ಬದಲಾಯಿಸಿದೆ. ಪಕ್ಕದ ಮನೆ ಅಕ್ಕ ಕೋಳಿಮರಿಗಳಿಗೆ ಬಿಸಿ ಕೊಡಲು ಇಟ್ಟಿದ್ದ 60 ವಾಟಿನದನ್ನು ಹೋಲ್ಡರ್ ಸಮೇತ ಎರವಲು ತಂದೆ. ಪೆಟ್ಟಿಗೆಯ ಒಳಗೆ 38 ಡಿಗ್ರಿಗೆ ನಿಲ್ಲುತ್ತದೆ. ಹೊರಗಿನ ಅದೇ ಗಾಳಿ ಹತ್ತು ಡಿಗ್ರಿ ಬಿಸಿಯಾದರೆ ಶೇ. 92 ತೇವ 50ರ ಆಸುಪಾಸಿಗೆ ಇಳಿಯುತ್ತದೆ. ವಿಮಾನ ಅರ್ಧ ಗಂಟೆ ಒಳಗೆ ಬೆಚ್ಚಗೆ ಕೂರಬೇಕು. ಆಮೇಲೆ ಬಲ್ಬ್ ಆರಿಸಿ ದೂರ ಇಡಬೇಕು. ಥಿನ್ನರ್ ಹಬೆ ಮತ್ತು ಬಿಸಿ ಬಲ್ಬ್ ಒಂದೇ ಕಡೆ ಇದ್ದರೆ ಮಿಗ್ ಜೊತೆ ನಾನೂ ನಿವೃತ್ತ. ಹೊರಗೆ ತೆಗೆದು ಎರಡು ನಿಮಿಷದೊಳಗೆ ತೆಳ್ಳಗೆ ಒಂದು ಕೋಟ್. ವಾಸನೆ ಪೂರ್ತಿ ಹೋದ ಮೇಲೆ ಮತ್ತೆ ಪೆಟ್ಟಿಗೆಗೆ. ಹೀಗೆ ನಾಲ್ಕು ಸಲ.

ಕನ್ನಡಿ ಬಂತು. ಕನ್ನಡಕ ಕಂಡಿತು. ಹತ್ತು ನಿಮಿಷ ಬಿಟ್ಟು ನೋಡಿದೆ, ಆಗಲೂ ಕಂಡಿತು. ಇವಳನ್ನು ಕರೆದು ತೋರಿಸಿದೆ. "ಕಪ್ಪಾ? ಬೆಳ್ಳಿ ಅಂದಿರಲ್ಲ" ಅಂತ ಹೇಳಿ ಹೋದಳು.

ಎಡ ರೆಕ್ಕೆಯ ಅಡಿಯಲ್ಲಿ ಮಾತ್ರ ಎಂಟಾಣೆ ಅಗಲದ ಬೂದು ಉಳಿದಿತ್ತು. ಅದಕ್ಕೆ ಥಿನ್ನರಿಗೆ ರಿಟಾರ್ಡರ್ ಸೇರಿಸಿ, ಬಣ್ಣ ಹಾಕದೆ, ದೂರದಿಂದ ಮಂಜಿನ ಹಾಗೆ ಬೀಸಿದೆ. ಬಣ್ಣ ಒಂದು ಕ್ಷಣ ಕರಗಿ ನೀರನ್ನು ಬಿಟ್ಟುಕೊಟ್ಟಿತು. ನಿನ್ನೆ ಅಲ್ಯೂಮಿನಿಯಂ ಹೊಡೆದೆ. ಬಾಲದ ಕೊಳವೆಯ ಕಡೆ ಒಂದು ಛಾಯೆ ಗಾಢ. ಮಾವ ಹೇಳಿದ ಗಂಜಿ ಪಾತ್ರೆಯ ಬಣ್ಣವೇ ಬಂದಿದೆ.

ಪೆಟ್ಟಿಗೆ ಬಿಸಿಯಾಗುವವರೆಗೆ ಕೈ ಸುಮ್ಮನಿರಲಿಲ್ಲ. ಮುಂದಿನದು ಎಚ್‌ಎಫ್-24 ಮಾರುತ್ ಯುದ್ಧವಿಮಾನ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಜರ್ಮನ್ ವಿನ್ಯಾಸಕ ಕುರ್ಟ್ ಟ್ಯಾಂಕ್ ತಂಡ ರೂಪಿಸಿದ್ದು, 1961ರ ಜೂನ್ 17ರಂದು ಸುರಂಜನ್ ದಾಸ್ ಮೊದಲು ಹಾರಿಸಿದ್ದು. ವಿಶ್ವೇಶ್ವರಯ್ಯ ಮ್ಯೂಸಿಯಂ ಅಂಗಳದಲ್ಲಿ ನಿಂತದ್ದನ್ನು ಶಾಲೆಯ ಪ್ರವಾಸಕ್ಕೆ ಹೋದಾಗಲೆಲ್ಲ ನೋಡುತ್ತಿದ್ದೆ. ಮಕ್ಕಳು ಒಳಗೆ, ಮಾಷ್ಟ್ರು ಹೊರಗೆ. ಅಷ್ಟು ಚಂದದ ಸೊಂಟಕ್ಕೆ ತಕ್ಕ ಎಂಜಿನ್ ಸಿಗಲೇ ಇಲ್ಲ. ಎರಡು ಆರ್ಫಿಯಸ್ ಹಾಕಿ ಹಾರಿಸಿದರು, ನೇರ ಹಾರಾಟದಲ್ಲಿ ಶಬ್ದದ ವೇಗ ದಾಟಲಿಲ್ಲ. ಆದರೂ 147 ಮಾಡಿದರು.

1:48ರಲ್ಲಿ ಅದರ ಡಬ್ಬಿ ನನ್ನ ಕೈಗೆ ಸಿಕ್ಕಿಲ್ಲ. ಹಾಗಾಗಿ ಮರದಲ್ಲಿ ಕೆತ್ತುವುದು ಅಂತ ತೀರ್ಮಾನ. 15.87 ಮೀಟರಿನ ವಿಮಾನ 33 ಸೆಂ.ಮೀ. ಆಗುತ್ತದೆ, ಶಾಲೆಯ ಸ್ಕೇಲಿಗಿಂತ ಸ್ವಲ್ಪ ಜಾಸ್ತಿ. ಮರ ನೋಡಿಟ್ಟಿದ್ದೇನೆ. ಗುಡ್ಡದ ಬದಿಯ ಹಾಲೆ ಮರ, ಗಾಳಿಗೆ ಒಂದು ಕೊಂಬೆ ಬಿದ್ದಿದೆ. ಹಗುರ, ಮೆದು, ಹಿಂದೆ ಸ್ಲೇಟು, ಬೋರ್ಡು ಎಲ್ಲ ಅದರದ್ದೇ. ಆಟಿ ಅಮಾವಾಸ್ಯೆಗೆ ಕಷಾಯ ಕುಡಿಯಲು ಅದರ ತೊಗಟೆಗೆ ಕಬ್ಬಿಣ ತಾಗಿಸುವುದಿಲ್ಲ, ಕಲ್ಲಿನಿಂದಲೇ ಜಜ್ಜಿ ತೆಗೆಯಬೇಕು. ನಾನು ಗರಗಸ ಹಿಡಿದು ಹೋದರೆ ಅಮ್ಮ ಏನು ಹೇಳುತ್ತಾರೋ. ಬಿದ್ದ ಕೊಂಬೆಗೆ ಆ ನಿಯಮ ಇಲ್ಲ ಅಂತ ವಾದ ಮಾಡಬೇಕು.

ಅದು ಆಮೇಲೆ. ಈಗ ಮಿಗ್‌ಗೆ ಡಿಕಾಲ್ (ನೀರಲ್ಲಿ ನೆನೆಸಿ ಅಂಟಿಸುವ ಗುರುತು, ಅಂಕಿಗಳು) ಅಂಟಿಸಬೇಕು, ಅದರ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್ ಹೊಡೆಯಬೇಕು. ಕ್ಲಿಯರ್ ಅಂದರೂ ಲ್ಯಾಕರೇ, ಅದಕ್ಕೂ ಬೂದು ಹಿಡಿಯಬಹುದು. ಆದ್ದರಿಂದ ಪೆಟ್ಟಿಗೆ ಬೇಕೇ ಬೇಕು. ಇವತ್ತು ಬೆಳಿಗ್ಗೆ ಪಕ್ಕದ ಮನೆ ಅಕ್ಕ ಬೇಲಿಯ ಆಚೆಯಿಂದ ಕೇಳಿದರು: "ಮಾಷ್ಟ್ರೇ, ಬುಧವಾರ ಹೊಸ ಮರಿಗಳು ಬರ್ತವೆ. ಬಲ್ಬ್ ಆಯಿತಾ?"

ಇವತ್ತು ಭಾನುವಾರ. ಡಿಕಾಲ್ ನೀರಿಗೆ ಹಾಕಿದ್ದೇನೆ.