ಯಸುಕುನಿಯಲ್ಲೊಬ್ಬ ಬಂಗಾಳಿ ನ್ಯಾಯಾಧೀಶ

ಟೋಕಿಯೋದ ಯಸುಕುನಿ ಮಂದಿರಕ್ಕೆ ಹೋಗುವುದೋ ಬೇಡವೋ ಎಂದು ನಾನು ಬಹಳ ದಿನ ಅನುಮಾನಿಸಿದ್ದೆ. ಯುದ್ಧದಲ್ಲಿ ಮಡಿದವರನ್ನು ದೈವಗಳೆಂದು ಪೂಜಿಸುವ ಜಾಗ ಅದು. ಎರಡನೇ ಮಹಾಯುದ್ಧದಲ್ಲಿ ಗೆದ್ದ ದೇಶಗಳು ಜಪಾನಿನ ನಾಯಕರ ಮೇಲೆ ನಡೆಸಿದ ಟೋಕಿಯೋ ವಿಚಾರಣೆಯಲ್ಲಿ ಆರೋಪ ಹೊತ್ತು, ಗಲ್ಲಿಗೇರಿದ ಇಲ್ಲವೇ ಬಂಧನದಲ್ಲಿ ತೀರಿಕೊಂಡ 14 ಮಂದಿಯನ್ನೂ 1978ರಲ್ಲಿ ಆ ಸಾಲಿಗೆ ಸೇರಿಸಿದರು. ಗಲ್ಲಿಗೇರಿದವರಲ್ಲಿ ಪ್ರಧಾನಿಯಾಗಿದ್ದ ತೋಜೋ ಕೂಡ ಒಬ್ಬ. ಚೀನಾ, ಕೊರಿಯಾಗಳ ಸಿಟ್ಟು ಇನ್ನೂ ಇಳಿದಿಲ್ಲ.

ಮಂದಿರದ ಮ್ಯೂಸಿಯಂ ಪಕ್ಕದಲ್ಲಿ ನಮ್ಮವರೊಬ್ಬರ ಸ್ಮಾರಕವಿದೆ: ಆ ವಿಚಾರಣೆಯ ನ್ಯಾಯಾಧೀಶರಲ್ಲೊಬ್ಬರಾಗಿದ್ದ ರಾಧಾಬಿನೋದ್ ಪಾಲ್. ನಿಲುವಂಗಿ ತೊಟ್ಟ ಚಿತ್ರ, ಕೆಳಗೆ ಜಪಾನಿ ಬರಹ. ನಾನು ನಿಂತು ನೋಡುತ್ತಿದ್ದಾಗ ವೃದ್ಧರೊಬ್ಬರು ಬಂದು, "ಇಂಡಿಯಾದವರೇ?" ಎಂದು ಕೇಳಿ, ಸೊಂಟ ಬಾಗಿಸಿ ವಂದಿಸಿದರು. "ನಮ್ಮ ತಪ್ಪಿಲ್ಲ ಎಂದ ಏಕೈಕ ನ್ಯಾಯಾಧೀಶ ನಿಮ್ಮವರು" ಎಂದರು. ಯಾರೋ ಮಾಡಿದ ಕೆಲಸಕ್ಕೆ ನನಗೆ ನಮಸ್ಕಾರ! ಸಂಕೋಚದಿಂದ ನಾನೂ ಬಾಗಿದೆ.

ಆದರೆ ಪಾಲ್ ಹಾಗೆಂದಿರಲಿಲ್ಲ. 1946ರ ಮೇ ತಿಂಗಳಲ್ಲಿ ಶುರುವಾದ ಆ ನ್ಯಾಯಮಂಡಳಿಯ 11 ಮಂದಿಯಲ್ಲಿ ಎಲ್ಲ ಆರೋಪಿಗಳನ್ನೂ ಬಿಡಬೇಕೆಂದವರು ಅವರೊಬ್ಬರೇ, ನಿಜ. ಯುದ್ಧ ಹೂಡುವುದನ್ನು ಅಪರಾಧವೆನ್ನುವ ಕಾನೂನೇ ಆಗ ಇರಲಿಲ್ಲ, ಗೆದ್ದವರು ಆಮೇಲೆ ಅದನ್ನು ಹೊಸೆದರು ಎಂಬುದು ಅವರ ವಾದ. ಅಣುಬಾಂಬಿನ ಮಾತನ್ನೂ ಎತ್ತಿದರು. ಆದರೆ ಜಪಾನಿ ಸೈನಿಕರು ನಡೆಸಿದ ಕ್ರೌರ್ಯಕ್ಕೆ ಸಾಕ್ಷ್ಯ ಧಾರಾಳವಾಗಿದೆ ಎಂದೂ ತಮ್ಮ ಅದೇ ಭಿನ್ನ ತೀರ್ಪಿನಲ್ಲಿ ಬರೆದರು. ಕಟಕಟೆಯಲ್ಲಿದ್ದ ನಾಯಕರಿಗೆ ಅದರ ನಂಟು ರುಜುವಾತಾಗಿಲ್ಲ ಎಂದರೇ ಹೊರತು, ಏನೂ ನಡೆದಿಲ್ಲ ಎನ್ನಲಿಲ್ಲ. ಸಾವಿರಕ್ಕೂ ಹೆಚ್ಚು ಪುಟಗಳ ತೀರ್ಪಿನಿಂದ ಬೇಕಾದಷ್ಟನ್ನೇ ಹೆಕ್ಕಿಕೊಂಡು ಅವರನ್ನು ಇಲ್ಲಿ ನಿಲ್ಲಿಸಿದ್ದಾರೆ ಎಂದೇ ನನಗೆ ಅನ್ನಿಸಿತು.

ಮ್ಯೂಸಿಯಂನ ಒಳಹೊಕ್ಕರೆ ಎದುರಿಗೇ ಕಪ್ಪು ಉಗಿಬಂಡಿ, ಒರೆಸಿ ಮಿರಮಿರ ಮಿಂಚಿಸಿದ್ದು. ಯುದ್ಧಕಾಲದಲ್ಲಿ ಜಪಾನಿ ಸೇನೆ ಹಾಕಿಸಿದ ಬರ್ಮಾ–ಸಿಯಾಂ (ಈಗಿನ ಥಾಯ್ಲೆಂಡ್) ರೈಲುದಾರಿಯಲ್ಲಿ ಓಡಿದ ಇಂಜಿನ್. ಆ ದಾರಿ ಹಾಕುವಾಗ 12,000ಕ್ಕೂ ಹೆಚ್ಚು ಯುದ್ಧಕೈದಿಗಳು ಸತ್ತರು. ಏಷ್ಯಾದ ಕೂಲಿಗಳ ಸಾವು ಅದರ ಎಷ್ಟೋ ಪಟ್ಟು. ಮಲಯದ ರಬ್ಬರ್ ತೋಟಗಳಿಂದ ಒಯ್ದ ತಮಿಳರು ಅವರಲ್ಲಿ ಬಹಳ ಮಂದಿ. ಪಕ್ಕದ ಫಲಕವನ್ನು ಎರಡು ಸಲ ಓದಿದೆ. ಕೂಲಿಗಳ ಸಾವಿನ ಸುದ್ದಿ ನನ್ನ ಕಣ್ಣಿಗೆ ಬೀಳಲಿಲ್ಲ. ಹೊರಗೆ ಪಾಲ್ ಅವರಿಗೆ ಕಲ್ಲು ನೆಟ್ಟವರು, ಒಳಗೆ ಆ ತಮಿಳರಿಗೆ ಒಂದು ಸಾಲನ್ನಾದರೂ ಬರೆಸಬಹುದಿತ್ತು.

ಹಾಗೆಂದು ಗೆದ್ದವರ ನ್ಯಾಯದ ಬಗ್ಗೆ ಪಾಲ್ ಎತ್ತಿದ ಪ್ರಶ್ನೆಯನ್ನು ತಳ್ಳಿಹಾಕಲೂ ನನಗಾಗದು. ಚಕ್ರವರ್ತಿ ಹಿರೊಹಿತೊ ಕಟಕಟೆ ಹತ್ತಲೇ ಇಲ್ಲ. ಮನುಷ್ಯರ ಮೇಲೆ ರೋಗಾಣು ಪ್ರಯೋಗ ನಡೆಸಿದ ಜಪಾನಿ ಸೇನೆಯ 731ನೇ ತುಕಡಿಯ ಮುಖ್ಯಸ್ಥ ಇಶಿಯನ್ನು, ಅವನ ಪ್ರಯೋಗದ ಮಾಹಿತಿಗೋಸ್ಕರ ಅಮೆರಿಕವೇ ಉಳಿಸಿತು.