ಹನುಮಂತನ ಜೊತೆ ಹೊರಟವರ ಹೆಸರು ನಮಗೆ ಗೊತ್ತಾ?

ನಮ್ಮ ಕೊಡಗಿನಲ್ಲಿ ಯಾರನ್ನಾದರೂ ನಿಲ್ಲಿಸಿ ರಾಮಾಯಣದ ವಾನರರ ಹೆಸರು ಹೇಳಿ ಅಂದರೆ ಹನುಮಂತ, ವಾಲಿ, ಸುಗ್ರೀವ ಅಂತ ಮೂರು ಹೆಸರು ಬರುತ್ತವೆ. ಜಾಸ್ತಿ ಅಂದರೆ ಅಂಗದ. ಜಾಂಬವಂತನನ್ನೂ ಸೇರಿಸುತ್ತಾರೆ, ಆದರೆ ಅವನು ಕರಡಿಗಳ ರಾಜ. ಅಷ್ಟೇ. ಉಳಿದವರೆಲ್ಲ ‘ಕಪಿಸೇನೆ’ ಅನ್ನುವ ಒಂದು ಗುಂಪು, ಕೂಗುತ್ತಾ ಕಲ್ಲು ಎಸೆಯುವವರು.

ನಾನು ಬ್ಯಾಂಕಾಕ್‌ಗೆ ಬಂದದ್ದು ಹೋಟೆಲ್ ಕೆಲಸಕ್ಕೆ. ಕೊಡಗಿನ ಎಷ್ಟೋ ಮನೆಗಳ ಮಕ್ಕಳು ಹೀಗೆ ಒಂದಲ್ಲ ಒಂದು ದೇಶದ ಹೋಟೆಲ್‌ನಲ್ಲಿ ಇದ್ದಾರೆ, ಅದರಲ್ಲಿ ವಿಶೇಷ ಏನಿಲ್ಲ. ವಿಶೇಷ ಅನಿಸಿದ್ದು ಬೇರೆ. ನಮ್ಮಿಂದ ಇಷ್ಟು ದೂರ, ನಮ್ಮ ಭಾಷೆಯ ಒಂದು ಅಕ್ಷರವೂ ಬಾರದ ಜನ, ನಾವು ಮರೆತುಬಿಟ್ಟ ವಾನರರನ್ನು ಹೆಸರು ಹಿಡಿದು ಕರೆಯುತ್ತಾರೆ. ಊರಿನವರಿಗೆ ಇದನ್ನು ಹೇಳಲೇಬೇಕು ಅನಿಸಿ ಬರೆಯುತ್ತಿದ್ದೇನೆ.

ಇಲ್ಲಿ ರಾಮಾಯಣಕ್ಕೆ ರಾಮಕಿಯನ್ ಅನ್ನುತ್ತಾರೆ. ಈಗ ಎಲ್ಲರೂ ಓದುವ ದೊಡ್ಡ ಪಠ್ಯ ಮೊದಲನೇ ರಾಮ ಅನ್ನುವ ರಾಜನ ಕಾಲದ್ದು, 1797ರದ್ದು. ಅರಮನೆ ಆವರಣದಲ್ಲಿರುವ ವಾಟ್ ಫ್ರಾ ಕೇವ್ ದೇವಸ್ಥಾನದ ಸುತ್ತು ಪೌಳಿಯ ಗೋಡೆ ಪೂರ್ತಿ ಈ ಕಥೆಯದೇ ಚಿತ್ರ, ಒಟ್ಟು 178 ಭಾಗ. ಪ್ರವಾಸಕ್ಕೆ ಬಂದವರು ಪಚ್ಚೆ ಬುದ್ಧನನ್ನು ನೋಡಿ, ಫೋಟೋ ತೆಗೆದು, ಬಿಸಿಲಿಗೆ ಸುಸ್ತಾಗಿ ಹೊರಟುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಪೌಳಿಯ ನೆರಳಿನಲ್ಲಿ ನಿಧಾನಕ್ಕೆ ನಡೆಯಿರಿ. ಅಲ್ಲಿ ವಾನರರು ಸೇತುವೆಗೆ ಕಲ್ಲು ಹೊರುತ್ತಿದ್ದಾರೆ, ಹನುಮಂತ ಬಾಯಿ ಕಳೆದು ಕೂತಿದ್ದಾನೆ, ಪಕ್ಕದಲ್ಲಿರುವ ಸಣ್ಣ ಸಣ್ಣ ಕಪಿಗಳಲ್ಲಿ ಒಬ್ಬೊಬ್ಬನಿಗೂ ಒಂದು ಕೆಲಸ, ಒಂದು ಮುಖ ಇದೆ.

ಆಮೇಲೆ ಖೋನ್. ಇದು ಮುಖವಾಡ ಹಾಕಿ ಕುಣಿಯುವ ಆಟ, ಮೊದಲು ಅರಮನೆಯದು, 2018ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಕುಣಿಯುವವರು ಮಾತಾಡುವುದಿಲ್ಲ, ಅವರ ಪರವಾಗಿ ಬದಿಯಲ್ಲಿ ಕೂತವರು ಹಾಡಿ ಹೇಳುತ್ತಾರೆ. ಪಾತ್ರಗಳು ನಾಲ್ಕು ಬಗೆ: ಗಂಡು, ಹೆಣ್ಣು, ರಾಕ್ಷಸ, ಕಪಿ. ಮಕ್ಕಳು ಕಲಿಯಲು ಸೇರಿದಾಗಲೇ ಗುರುಗಳು ಮೈಕಟ್ಟು ನೋಡಿ ಯಾವ ಬಗೆಗೆ ಅಂತ ಆರಿಸುತ್ತಾರೆ. ಗಿಡ್ಡಗೆ ಗಟ್ಟಿಯಾಗಿ ಚುರುಕಾಗಿರುವ ಹುಡುಗರು ಕಪಿ ಪಾತ್ರಕ್ಕೆ. ನಮ್ಮ ಬೀದಿಯ ಹುಡುಗನೊಬ್ಬ ಅದನ್ನೇ ಕಲಿಯುತ್ತಾನೆ, ಸಂಜೆ ಮನೆ ಎದುರು ಲಾಗ ಹಾಕುತ್ತಿರುತ್ತಾನೆ. ಅವನಿಗೆ ಕಪಿ ಪಾತ್ರ ಸಿಕ್ಕಿದ್ದಕ್ಕೆ ಅವನ ಅಮ್ಮನಿಗೆ ಎಷ್ಟು ಹೆಮ್ಮೆ ಗೊತ್ತಾ! ನಮ್ಮ ಶಾಲೆಯ ನಾಟಕದಲ್ಲಿ ಮಂಗನ ಪಾರ್ಟು ಬಂದರೆ ಮಕ್ಕಳು ಅಳುತ್ತಿದ್ದುದು ನೆನಪಾಯಿತು.

ಆ ಹುಡುಗನೇ ನನಗೆ ಬಣ್ಣ ಹೇಳಿಕೊಟ್ಟದ್ದು. ಹನುಮಂತ ಬಿಳಿ. ಸುಕ್ರೀಪ್, ಅಂದರೆ ನಮ್ಮ ಸುಗ್ರೀವ, ಕೆಂಪು. ಫಾಲಿ, ಅಂದರೆ ವಾಲಿ, ಹಸಿರು. ಅವನ ಮಗ ಅಂಗದನೂ ಹಸಿರು. ನಿಲಫತ್ ಅನ್ನುವವನು ಕಪ್ಪು. ವಾಲಿ ಸುಗ್ರೀವರ ತಲೆ ಮೇಲೆ ಕಿರೀಟ ಇದೆ, ಯಾಕೆಂದರೆ ಅವರು ರಾಜರು. ಮುಖವಾಡವನ್ನು ನೆಲದ ಮೇಲೆ ಇಡುವ ಹಾಗಿಲ್ಲ, ದಾಟುವ ಹಾಗಿಲ್ಲ, ಗುರುಪೂಜೆ ದಿನ ಅದಕ್ಕೂ ಪೂಜೆ.

ಕಪ್ಪು ನಿಲಫತ್‌ನ ಮುಖವಾಡ ನೋಡಿದಾಗ ನನಗೆ ಬ್ರಹ್ಮಗಿರಿ ನೆನಪಾಯಿತು. ನಮ್ಮ ಮನೆ ಶ್ರೀಮಂಗಲದ ಕಡೆ. ತೋಟಕ್ಕೆ ಬರುವ ಮಂಗ ಒಂದು ಬಗೆ, ಕಂದು ಮೈ, ತಲೆ ಮೇಲೆ ಟೋಪಿ ಹಾಗೆ ಕೂದಲು. ನಾಗರಹೊಳೆ ಕಡೆ ಹೋದರೆ ಬೂದು ಮುಸುವ. ಶೋಲೆ ಕಾಡಿನ ಕಡೆ ಮೇಲೆ ಹತ್ತಿದರೆ ಕರಿ ಮುಸುವ, ಮೈ ಪೂರಾ ಕಪ್ಪು, ತಲೆ ಮಾತ್ರ ಹಳದಿ ಕಂದು. ಪಶ್ಚಿಮ ಘಟ್ಟದಲ್ಲಿ ಅದು ಸಿಗುವ ಉತ್ತರದ ಕೊನೆ ನಮ್ಮ ಕೊಡಗು, ಅಲ್ಲಿಂದ ಆಚೆಗೆ ಇಲ್ಲ. ಮತ್ತೆ ಸಿಂಗಳೀಕ, ಮುಖದ ಸುತ್ತ ಬಿಳಿ ಕೇಸರ, ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ನಾಲ್ಕು ಬಗೆಯ ಕಪಿ ಇರುವ ಕಾಡಿನ ಪಕ್ಕ ಬೆಳೆದ ನಾವು ರಾಮಾಯಣದ ವಾನರರಿಗೆಲ್ಲ ಒಂದೇ ಬಣ್ಣ ಬಳಿಯುತ್ತೇವೆ. ಬೇಜಾರಾಗುತ್ತದೆ.

ಯಾಕೆಂದರೆ ವಾಲ್ಮೀಕಿ ಹಾಗೆ ಮಾಡಿಲ್ಲ. ಕಿಷ್ಕಿಂಧಾ ಕಾಂಡದಲ್ಲಿ ಸುಗ್ರೀವ ಎಲ್ಲ ಕಡೆಯಿಂದ ವಾನರರನ್ನು ಕರೆಸುತ್ತಾನೆ, ಆ ಭಾಗ ಓದಿ. ಅಂಜನ ಪರ್ವತದಿಂದ ಕಾಡಿಗೆಯಷ್ಟು ಕಪ್ಪಾದವರು ಬರುತ್ತಾರೆ. ಸೂರ್ಯ ಮುಳುಗುವ ಬೆಟ್ಟದಿಂದ ಚಿನ್ನದ ಬಣ್ಣದವರು. ಕೈಲಾಸದಿಂದ ಸಿಂಹದ ಕೇಸರದ ಬಣ್ಣದವರು. ವಿಂಧ್ಯದಿಂದ ಕೆಂಡದ ಹಾಗೆ ಇರುವವರು. ಹಿಮಾಲಯದವರು ಹಣ್ಣು ಗೆಡ್ಡೆ ತಿನ್ನುವವರು, ಹಾಲಿನ ಸಮುದ್ರದ ದಡದವರು ತೆಂಗಿನಕಾಯಿ ತಿನ್ನುವವರು. ಒಂದೊಂದು ಕಾಡಿಗೆ ಒಂದೊಂದು ಬಣ್ಣ, ಒಂದೊಂದು ಊಟ! ಕಾಡು ನೋಡಿದವರೇ ಹೀಗೆ ಹೇಳಬಲ್ಲರು.

ಇವರು ಬರೀ ಸೈನ್ಯವೂ ಅಲ್ಲ. ಕಿಷ್ಕಿಂಧೆಗೆ ರಾಜ ಇದ್ದಾನೆ, ಯುವರಾಜ ಇದ್ದಾನೆ, ಮಂತ್ರಿಗಳಿದ್ದಾರೆ. ವಾಲಿಯ ಹೆಂಡತಿ ತಾರೆ ಇದ್ದಾಳೆ. ಸೋತು ಓಡಿದ ಸುಗ್ರೀವ ಇಷ್ಟು ಬೇಗ ವಾಪಸ್ ಬಂದು ಕೂಗುತ್ತಿದ್ದಾನೆ ಅಂದರೆ ಬೆನ್ನಿಗೆ ಯಾರೋ ಇದ್ದಾರೆ, ಹೋಗಬೇಡ ಅಂತ ವಾಲಿಗೆ ಮೊದಲೇ ಹೇಳಿದವಳು ಅವಳು. ವಾಲಿ ಕೇಳಲಿಲ್ಲ. ಬಾಣ ತಗುಲಿ ಬಿದ್ದ ಮೇಲೂ ಅವನು ರಾಮನನ್ನು ನೇರ ಪ್ರಶ್ನೆ ಮಾಡುತ್ತಾನೆ: ಮರೆಯಲ್ಲಿ ನಿಂತು ಯಾಕೆ ಹೊಡೆದೆ, ನನ್ನನ್ನು ಕೇಳಿದ್ದರೆ ಒಂದೇ ದಿನದಲ್ಲಿ ಸೀತೆಯನ್ನು ತಂದು ಕೊಡುತ್ತಿದ್ದೆ. ರಾಮ ಉತ್ತರ ಕೊಡುತ್ತಾನೆ, ಆದರೂ ಆ ಪ್ರಶ್ನೆ ಇವತ್ತಿಗೂ ಹಾಗೆಯೇ ನಿಂತಿದೆ ಅಂತ ನನಗೆ ಅನಿಸುತ್ತದೆ.

ನನಗೆ ತುಂಬಾ ಇಷ್ಟವಾದ ಭಾಗ ಇನ್ನೊಂದಿದೆ. ದಕ್ಷಿಣಕ್ಕೆ ಹೊರಟ ಅಂಗದನ ಗುಂಪಿಗೆ ಸುಗ್ರೀವ ಕೊಟ್ಟ ಒಂದು ತಿಂಗಳ ಗಡುವು ಮುಗಿದಿದೆ. ಸೀತೆ ಸಿಕ್ಕಿಲ್ಲ. ವಾಪಸ್ ಹೋದರೆ ಚಿಕ್ಕಪ್ಪ ಬಿಡುವುದಿಲ್ಲ ಅಂತ ಅಂಗದನಿಗೆ ಭಯ, ಅಪ್ಪನನ್ನು ಕಳೆದುಕೊಂಡ ಹುಡುಗ ಅವನು. ಊಟ ಬಿಟ್ಟು ಇಲ್ಲೇ ಸಾಯುತ್ತೇವೆ ಅಂತ ಎಲ್ಲರೂ ಸಮುದ್ರದ ದಡದಲ್ಲಿ ಕೂತುಬಿಡುತ್ತಾರೆ. ಅಲ್ಲಿ ಜಟಾಯುವಿನ ಅಣ್ಣ ಸಂಪಾತಿ ಸಿಕ್ಕಿ ಲಂಕೆಯ ಸುದ್ದಿ ಹೇಳುತ್ತಾನೆ. ಈಗ ನೂರು ಯೋಜನ ಸಮುದ್ರ ದಾಟಬೇಕು. ಯಾರು ಎಷ್ಟು ಹಾರಬಲ್ಲಿರಿ ಅಂತ ಅಂಗದ ಕೇಳುತ್ತಾನೆ. ಗಜ ಅನ್ನುವವನು 10 ಯೋಜನ ಅನ್ನುತ್ತಾನೆ. ಗವಾಕ್ಷ 20. ಹೀಗೇ ಏರುತ್ತಾ ಗಂಧಮಾದನ 50, ಮೈಂದ 60, ದ್ವಿವಿದ 70. ಜಾಂಬವಂತ ಎದ್ದು, ವಾಮನ ಬೆಳೆದು ತ್ರಿವಿಕ್ರಮನಾದಾಗ ನಾನು ಅವನಿಗೆ ಪ್ರದಕ್ಷಿಣೆ ಬಂದವನು, ಈಗ ವಯಸ್ಸಾಯಿತು, 90 ಆಗಬಹುದು ಅನ್ನುತ್ತಾನೆ. ಅಂಗದ ಹೇಳುತ್ತಾನೆ: ನೂರು ದಾಟುತ್ತೇನೆ, ವಾಪಸ್ ಬರುತ್ತೇನೋ ಗೊತ್ತಿಲ್ಲ. ನೀನು ನಾಯಕ, ನೀನು ಹೋಗಬಾರದು ಅಂತ ಜಾಂಬವಂತ ತಡೆಯುತ್ತಾನೆ. ಆಮೇಲೆ, ಒಂದು ಕಡೆ ಸುಮ್ನೆ ಕೂತಿದ್ದ ಹನುಮಂತನ ಹತ್ತಿರ ಹೋಗುತ್ತಾನೆ.

ನೋಡಿ, ಅಲ್ಲಿ ಒಬ್ಬನೂ ಜಂಬ ಕೊಚ್ಚಲಿಲ್ಲ. ಹತ್ತು ಯೋಜನ ಅಂತ ಎಲ್ಲರೆದುರು ಹೇಳಲು ಗಜನಿಗೆ ನಾಚಿಕೆ ಆಗಲಿಲ್ಲ. ನಾವು ಹನುಮಂತನ ಹಾರಾಟವನ್ನು ಮಾತ್ರ ನೆನಪಿಟ್ಟುಕೊಂಡೆವು, ಹಾರುವ ಮುಂಚಿನ ಈ ಸಭೆಯನ್ನು ಬಿಟ್ಟುಬಿಟ್ಟೆವು. ಸೇತುವೆಯೂ ಹಾಗೇ. ಕಟ್ಟಿಸಿದವನು ವಿಶ್ವಕರ್ಮನ ಮಗ ನಳ. ಮೊದಲ ದಿನ 14 ಯೋಜನ, ಆಮೇಲೆ 20, 21, 22, 23, ಐದು ದಿನಕ್ಕೆ ಸರಿಯಾಗಿ ನೂರು. ದಿನ ಕಳೆದ ಹಾಗೆ ಕೆಲಸದ ವೇಗ ಏರುತ್ತದೆ, ಕೈ ಪಳಗಿದ ಲೆಕ್ಕ ಅದು.

ಥಾಯ್ ಕಥೆಯಲ್ಲಿ ಎಲ್ಲವೂ ನಮ್ಮ ಹಾಗೇ ಇಲ್ಲ, ಅದನ್ನೂ ಹೇಳಬೇಕು. ಇಲ್ಲಿ ಹನುಮಂತ ಬ್ರಹ್ಮಚಾರಿ ಅಲ್ಲ. ಸೇತುವೆಯ ಕಲ್ಲನ್ನು ಸಮುದ್ರದೊಳಗಿಂದ ಯಾರೋ ಕದಿಯುತ್ತಿದ್ದಾರೆ ಅಂತ ಮುಳುಗಿ ನೋಡಿದರೆ, ರಾವಣನ ಮಗಳು, ಮೀನಿನ ಬಾಲದ ಸುವನ್ನಮಚ್ಚಾ. ಇಬ್ಬರಿಗೂ ಪ್ರೀತಿಯಾಗಿ, ಮಚ್ಚಾನು ಅನ್ನುವ ಮಗ ಹುಟ್ಟುತ್ತಾನೆ, ಮಂಗನ ಮೈ, ಮೀನಿನ ಬಾಲ. ಫೋನಿನಲ್ಲಿ ಇದನ್ನು ಹೇಳಿದಾಗ ಅವ್ವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಅವರ ಹನುಮಂತ ಅವರಿಗೆ, ನಮ್ಮವನು ನಮಗೆ” ಅಂದಳು. ನನಗೂ ಅದೇ ಸರಿ ಅನಿಸಿತು. ಭಕ್ತಿ ಕಮ್ಮಿ ಅಂತ ಯಾರೂ ತಿಳಿಯಬೇಡಿ, ಇಲ್ಲಿಯವರೂ ಹನುಮಂತನ ಎದುರು ಕೈ ಮುಗಿಯುತ್ತಾರೆ.

ಬ್ಯಾಂಕಾಕ್‌ನಿಂದ ಉತ್ತರಕ್ಕೆ ಸುಮಾರು 150 ಕಿಲೋಮೀಟರ್ ಹೋದರೆ ಲೊಪ್‌ಬುರಿ. ಯುದ್ಧ ಮುಗಿದ ಮೇಲೆ ರಾಮ ಒಂದು ಬಾಣ ಬಿಟ್ಟ, ಅದು ಬಿದ್ದ ಜಾಗವನ್ನು ಹನುಮಂತನಿಗೆ ಆಳಲು ಕೊಟ್ಟ, ಅದೇ ಈ ಊರು ಅಂತ ನಂಬಿಕೆ. ಇದನ್ನು ಕೇಳಿ ನನಗೆ ಮೈ ಜುಮ್ ಅಂದಿತು. ನಮ್ಮ ಕೊಡಗಿನ ಇರ್ಪುವಿನಲ್ಲೂ ಬಾಣದ ಕಥೆಯೇ ಅಲ್ವಾ? ಸೀತೆಯನ್ನು ಹುಡುಕುತ್ತಾ ಬಂದ ರಾಮನಿಗೆ ಬಾಯಾರಿತು, ಲಕ್ಷ್ಮಣ ಬ್ರಹ್ಮಗಿರಿಗೆ ಬಾಣ ಬಿಟ್ಟ, ನೀರು ಚಿಮ್ಮಿ ಲಕ್ಷ್ಮಣತೀರ್ಥ ಹರಿಯಿತು. ಶಿವರಾತ್ರಿಗೆ ಅಲ್ಲಿ ಮಿಂದು ರಾಮೇಶ್ವರನಿಗೆ ಕೈ ಮುಗಿಯುವ ನಾವು ಒಂದನ್ನು ಗಮನಿಸಬೇಕು. ಅಣ್ಣ ತಮ್ಮ ಇಬ್ಬರೇ ಹೀಗೆ ಕಾಡಲ್ಲಿ ಅಲೆದದ್ದು ವಾನರರು ಸಿಗುವ ಮೊದಲು. ದಾರಿ ಗೊತ್ತಿಲ್ಲ, ನೀರಿಗೂ ಬಾಣವೇ ಗತಿ. ವಾನರರು ಸಿಕ್ಕ ಮೇಲೆ ಹುಡುಕುವ ಕೆಲಸ ಕಾಡು ಗೊತ್ತಿರುವವರ ಕೈಗೆ ಹೋಯಿತು, ನಾಲ್ಕು ದಿಕ್ಕಿಗೆ ನಾಲ್ಕು ಗುಂಪು, ಎಲ್ಲಿ ಯಾವ ಬೆಟ್ಟ ಯಾವ ನದಿ ಅಂತ ಸುಗ್ರೀವ ಬಾಯಿಪಾಠ ಹೇಳುತ್ತಾನೆ.

ಲೊಪ್‌ಬುರಿಯಲ್ಲಿ ನಿಜವಾದ ಮಂಗಗಳ ಗೋಳೂ ಇದೆ. ಹಳೇ ಖಮೇರ್ ಗುಡಿಯ ಸುತ್ತ ಉದ್ದ ಬಾಲದ ಮಂಗಗಳು ಸಾವಿರಗಟ್ಟಲೆ ಆಗಿ, ಅಂಗಡಿಗೆ ನುಗ್ಗಿ, ಜನರ ಕೈಯಿಂದ ಕಿತ್ತು, ಕೊನೆಗೆ 2024ರಲ್ಲಿ ಸರಕಾರದವರು ಹಿಡಿದು ಬೇಲಿಯೊಳಗೆ ಸಾಗಿಸಿದರು. ವರ್ಷಕ್ಕೊಮ್ಮೆ ನವೆಂಬರ್‌ನಲ್ಲಿ ಮಂಗಗಳಿಗೆ ಹಣ್ಣಿನ ಔತಣ ಹಾಕುವ ಊರು ಅದು. ಅಂಗಡಿಯವರ ಕಷ್ಟ ನನಗೆ ಅರ್ಥವಾಗುತ್ತದೆ. ನಮ್ಮ ತೋಟದಲ್ಲಿ ಕಿತ್ತಳೆ, ಬಾಳೆ, ಏಲಕ್ಕಿ ಯಾವುದೂ ಉಳಿಯುವುದಿಲ್ಲ, ಕಾಫಿ ಹಣ್ಣಿನ ಸಿಹಿ ಚೀಪಿ ಬೀಜ ಉಗಿಯುತ್ತವೆ. ಅಜ್ಜ ಡಬ್ಬ ಬಡಿದು ಓಡಿಸುತ್ತಿದ್ದರು, ಕೋವಿ ತೆಗೆದರೂ ಗುಂಡು ಆಕಾಶಕ್ಕೆ. ಮಂಗನಿಗೆ ಗುರಿ ಇಟ್ಟದ್ದು ನಾನು ನೋಡಿಲ್ಲ. ಬೆಳೆ ಹೋಯಿತು ಅಂತ ಬೈಯುವುದು, ಶನಿವಾರ ಹನುಮಂತನ ಗುಡಿಗೆ ಹೋಗುವುದು, ಎರಡೂ ಒಂದೇ ಮನೆಯಲ್ಲಿ ನಡೆಯುತ್ತಿತ್ತು, ಈಗಲೂ ನಡೆಯುತ್ತದೆ.

ಇನ್ನೊಂದು ಮಾತು. ವಾನರರು ಅಂದರೆ ಆ ಕಾಲದ ಕಾಡಿನ ಜನ, ಅವರನ್ನೇ ಕವಿ ಮಂಗ ಮಾಡಿದ ಅಂತ ತುಂಬಾ ಜನ ಹೇಳುತ್ತಾರೆ. ನನಗೆ ಈ ಮಾತು ಹಿಡಿಸುವುದಿಲ್ಲ. ನಮ್ಮಲ್ಲಿ ಯರವರು, ಕುರುಬರು ಇದ್ದಾರೆ, ಅವರು ಮನುಷ್ಯರು, ನಮ್ಮ ನೆರೆಯವರು. ಹೊಗಳುವ ನೆಪದಲ್ಲೂ ಅವರನ್ನು ಬಾಲ ಇರುವವರ ಸಾಲಿಗೆ ಸೇರಿಸುವುದು ತಪ್ಪು. ವಾನರರು ಯಾರು ಅಂತ ವಾಲ್ಮೀಕಿಯೇ ಸ್ಪಷ್ಟ ಹೇಳಿದ್ದಾನೆ: ಬ್ರಹ್ಮನ ಮಾತಿನಂತೆ ದೇವತೆಗಳಿಗೆ ಕಪಿಯ ರೂಪದಲ್ಲಿ ಹುಟ್ಟಿದ ಮಕ್ಕಳು, ಇಂದ್ರನಿಗೆ ವಾಲಿ, ಸೂರ್ಯನಿಗೆ ಸುಗ್ರೀವ, ಅಗ್ನಿಗೆ ನೀಲ. ಬೇರೆ ದಾರಿಯೂ ನಮ್ಮ ಕನ್ನಡದಲ್ಲೇ ಇದೆ. ಜೈನ ಕವಿ ನಾಗಚಂದ್ರನ ರಾಮಾಯಣದಲ್ಲಿ ಇವರು ಮಂಗಗಳೇ ಅಲ್ಲ, ಬಾವುಟದಲ್ಲಿ ಕಪಿಯ ಗುರುತು ಇಟ್ಟುಕೊಂಡ ವಿದ್ಯಾಧರರು. ಎರಡರಲ್ಲಿ ಯಾವುದನ್ನು ಒಪ್ಪಿದರೂ ಯಾರಿಗೂ ಅವಮಾನ ಇಲ್ಲ.

ಮಡಿಕೇರಿ ದಸರಾದ ಮಂಟಪ ಸಮಿತಿಯವರು ಯಾರಾದರೂ ಇದನ್ನು ಓದುತ್ತಿದ್ದರೆ ನನ್ನದೊಂದು ಕೋರಿಕೆ. ವಿಜಯದಶಮಿ ರಾತ್ರಿ ಪುರಾಣದ ಕಥೆ ತೋರಿಸುವ ಹತ್ತು ಮಂಟಪ ಹೊರಡುತ್ತವೆ, ನಾನು ನೋಡಿದಷ್ಟರಲ್ಲಿ ಕಪಿಗಳೆಲ್ಲ ಒಂದೇ ಅಚ್ಚಿನಲ್ಲಿ ಬಂದ ಹಾಗೆ ಕಂದು ಬಣ್ಣ, ಕೈಯಲ್ಲಿ ಗದೆ. ಒಂದು ಸಲ ಆ ಸಮುದ್ರದ ದಡದ ಸಭೆಯನ್ನು ಮಾಡಿ ನೋಡಿ. ಗಜ, ಗವಾಕ್ಷ, ಗಂಧಮಾದನ, ಮೈಂದ, ದ್ವಿವಿದ ಒಬ್ಬೊಬ್ಬರೇ ಏಳಲಿ, ಒಬ್ಬೊಬ್ಬರಿಗೂ ಒಂದು ಬಣ್ಣ ಇರಲಿ, ಒಬ್ಬನಿಗೆ ನಮ್ಮ ಕರಿ ಮುಸುವದ ಕಪ್ಪು, ಒಬ್ಬನಿಗೆ ಸಿಂಗಳೀಕದ ಕೇಸರ. ಮುದುಕ ಜಾಂಬವಂತ ಕೊನೆಗೆ ಹನುಮಂತನ ಕಡೆ ತಿರುಗಲಿ. ಸಂಹಾರದ ಕಥೆಯೇ ಬೇಕು ಅಂತಾದರೆ ಅದನ್ನು ಎರಡನೇ ಭಾಗಕ್ಕೆ ಇಟ್ಟುಕೊಳ್ಳಿ. ಬಣ್ಣ, ಮುಖದ ಆಕಾರ ನೋಡಬೇಕು ಅಂದರೆ ಹೇಳಿ, ಖೋನ್ ಮುಖವಾಡಗಳ ಫೋಟೋ ಎಷ್ಟು ಬೇಕಾದರೂ ಇಲ್ಲಿಂದ ಕಳಿಸುತ್ತೇನೆ.