ಸನ್ನತಿಯ ಕಲ್ಲುಗಳಲ್ಲಿ ಭಿಕ್ಖುಗಳು, ಗೃಹಸ್ಥರು

ಕಲಬುರಗಿಯಿಂದ ಹಳೆಯ ಬೌದ್ಧ ನೆಲೆ ಸನ್ನತಿಗೆ ಹೋಗುವವರು ಬೆಳಿಗ್ಗೆ ಬೇಗ ಹೊರಡುವುದು ಒಳ್ಳೆಯದು. ರೈಲಿನಲ್ಲಾದರೆ ನಾಲವಾರದಲ್ಲಿ ಇಳಿಯಬೇಕು. ವಾಡಿಯಲ್ಲಿ ನಿಲ್ಲುವ ಗಾಡಿಗಳೆಲ್ಲ ಅಲ್ಲಿ ನಿಲ್ಲುವುದಿಲ್ಲ, ವಿಚಾರಿಸಿ ಟಿಕೆಟ್ ತೆಗೆಸಿ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ನೀರು ಮತ್ತು ರೊಟ್ಟಿ ಕಟ್ಟಿಕೊಂಡೇ ಹೋಗಬೇಕು.

ಮೊದಲು ಭೀಮಾ ದಂಡೆಯ ಚಂದ್ರಲಾಂಬಾ ಗುಡಿ. 1986ರಲ್ಲಿ ಇದೇ ಆವರಣದ ಕಾಳಿ ಗುಡಿಯ ಚಾವಣಿ ಕುಸಿದಾಗ, ವಿಗ್ರಹದ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಕಂಡಿತು. ಅದರಲ್ಲಿರುವ 12ನೇ ಶಾಸನ, ಬೇರೆಡೆಯ ಪೂರ್ಣ ಪ್ರತಿಗಳಲ್ಲಿ, ಶುರುವಾಗುವುದೇ ಅರಸ ಎಲ್ಲ ಪಂಥಗಳ ಪ್ರವ್ರಜಿತರನ್ನೂ (ಮನೆ ಬಿಟ್ಟ ಸನ್ಯಾಸಿಗಳನ್ನೂ) ಗೃಹಸ್ಥರನ್ನೂ ಗೌರವಿಸುತ್ತಾನೆ ಎಂದು. ಇಬ್ಬರ ನಡುವಿನ ಗೆರೆ ಆಗಲೇ ಸ್ಪಷ್ಟವಿತ್ತು.

ಬೌದ್ಧರಲ್ಲಿ ಆ ಗೆರೆ ಹೀಗಿದೆ. ಗೃಹಸ್ಥರಿಗೆ ಪಂಚಶೀಲ, ಅಂದರೆ ನಡತೆಯ ಐದು ನೇಮ. ಹುಣ್ಣಿಮೆ-ಅಮಾವಾಸ್ಯೆಯಂಥ ವ್ರತದ ದಿನ, ಅಂದರೆ ಉಪೋಸಥದ ದಿನ, ಅದೇ ಎಂಟಾಗುತ್ತದೆ: ವ್ಯಭಿಚಾರ ಬೇಡ ಎಂಬುದು ಪೂರ್ಣ ಬ್ರಹ್ಮಚರ್ಯವಾಗಿ ಬಿಗಿಯಾಗುತ್ತದೆ, ಮಧ್ಯಾಹ್ನದ ನಂತರ ಊಟ, ಹಾಡು-ಕುಣಿತ-ಅಲಂಕಾರ, ಎತ್ತರದ ಹಾಸಿಗೆ ನಿಲ್ಲುತ್ತವೆ. ಇನ್ನೂ ಪೂರ್ಣ ಭಿಕ್ಖುವಾಗದ ಕಿರಿಯ ಸನ್ಯಾಸಿ ಸಾಮಣೇರನಿಗೆ ಹತ್ತು. ಹಾಡು-ಅಲಂಕಾರದ ಶೀಲ ಎರಡಾಗಿ ಒಡೆದು, ಚಿನ್ನ-ಬೆಳ್ಳಿ ಮುಟ್ಟಬಾರದು ಎಂಬುದು ಸೇರುತ್ತದೆ. ಥೇರವಾದ ಎಂಬ ಬೌದ್ಧ ಪಂಥದಲ್ಲಿ ಭಿಕ್ಖುವಿಗೆ (ಪೂರ್ಣ ದೀಕ್ಷೆ ಪಡೆದ ಸನ್ಯಾಸಿಗೆ) 227 ನಿಯಮ, ಭಿಕ್ಖುಣಿಗೆ (ಸನ್ಯಾಸಿನಿಗೆ) 311. ಉಪದೇಶವೂ ಬೇರೆ. ಬುದ್ಧನ ಉಪದೇಶಗಳಲ್ಲೊಂದಾದ ಸಿಗಾಲೋವಾದ ಸುತ್ತ ಗೃಹಸ್ಥನಿಗೆ ಗಳಿಕೆಯಲ್ಲಿ ಒಂದು ಪಾಲು ಅನುಭವಿಸು, ಎರಡು ಪಾಲು ದುಡಿಮೆಗೆ ಹಾಕು, ನಾಲ್ಕನೆಯದನ್ನು ಆಪತ್ತಿಗೆ ಕೂಡಿಡು ಎನ್ನುತ್ತದೆ. ಭಿಕ್ಖುವಿಗೆ ಕೂಡಿಡುವ ಮಾತೇ ಇಲ್ಲ.

ಇಷ್ಟನ್ನು ತಲೆಯಲ್ಲಿಟ್ಟುಕೊಂಡು ಹತ್ತಿರದ ಕನಗನಹಳ್ಳಿಯ ಮಹಾಸ್ತೂಪಕ್ಕೆ ಬಂದರೆ ಲೆಕ್ಕ ತಪ್ಪುತ್ತದೆ. 'ರಾಯೋ ಅಸೋಕೋ' ಎಂದು ಬ್ರಾಹ್ಮಿಯಲ್ಲಿ ಹೆಸರು ಕೊರೆದ, ರಾಣಿ ಪರಿವಾರದೊಂದಿಗೆ ನಿಂತ ಅಶೋಕನ ಫಲಕವನ್ನೇ ಎಲ್ಲರೂ ಹುಡುಕುತ್ತಾರೆ. ಅದಕ್ಕಿಂತ ದಾನಿಗಳ ಸಣ್ಣ ಬರಹಗಳು ಸ್ವಾರಸ್ಯ. ಅಲ್ಲಿ ಗೃಹಸ್ಥರ ಜೊತೆ ಭಿಕ್ಖು, ಭಿಕ್ಖುಣಿಯರೂ ದಾನಿಗಳು. ಹಣ ಮುಟ್ಟದವರು ಕಲ್ಲು ಕೊಡಿಸಿದ್ದು ಹೇಗೆ? ನಿಯಮದ ಪುಸ್ತಕ ನೋಡಿ ಸಂಘದ, ಅಂದರೆ ಭಿಕ್ಖು-ಭಿಕ್ಖುಣಿಯರ ಸಮುದಾಯದ, ಬದುಕನ್ನು ಊಹಿಸುವವರು ಈ ಕಲ್ಲುಗಳನ್ನೊಮ್ಮೆ ನೋಡಬೇಕು.

ಗೆರೆಯ ಬಗ್ಗೆ ಅಸಮಾಧಾನವೂ ಹಳೆಯದೇ. ಮರಣಶಯ್ಯೆಯಲ್ಲಿದ್ದ, ಬುದ್ಧನ ಗೃಹಸ್ಥ ಭಕ್ತ ಅನಾಥಪಿಂಡಿಕನಿಗೆ ಬುದ್ಧನ ಶಿಷ್ಯ ಸಾರಿಪುತ್ತ ಇಂದ್ರಿಯಗಳಿಗೆ ಅಂಟದಿರುವ ಬೋಧನೆ ಮಾಡಿದಾಗ ಆತ ಅತ್ತ. ಇಷ್ಟು ವರ್ಷ ಸೇವೆ ಮಾಡಿದರೂ ಇಂಥದ್ದು ಕೇಳಿರಲಿಲ್ಲ. ಬಿಳಿ ಬಟ್ಟೆಯ ಗೃಹಸ್ಥರಿಗೆ ಇದನ್ನು ಹೇಳುವುದಿಲ್ಲ ಎಂಬ ಉತ್ತರ ಬಂತು. ಅವರಿಗೂ ಹೇಳಿ, ಕಣ್ಣಲ್ಲಿ ಧೂಳು ಕಡಿಮೆ ಇರುವವರು ಅವರಲ್ಲೂ ಇದ್ದಾರೆ ಎಂದು ಆತ ಬೇಡಿಕೊಂಡ. ಸಂಘ ಸೇರಲು ದೀಕ್ಷೆ ಇದೆ, ಗೃಹಸ್ಥರು ಧಮ್ಮಕ್ಕೆ (ಬುದ್ಧನ ಧರ್ಮಕ್ಕೆ) ಬರಲು ಇಲ್ಲ ಎಂಬ ಕೊರತೆಯನ್ನು ಅಂಬೇಡ್ಕರ್ ಎತ್ತಿ ತೋರಿಸಿದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಕೊಟ್ಟ 22 ಪ್ರತಿಜ್ಞೆಗಳು ಸಂಸಾರಸ್ಥರಿಗಾಗಿಯೇ ಇದ್ದವು.

ಮರಳಿ ಕಲಬುರಗಿಯ ಬುದ್ಧ ವಿಹಾರಕ್ಕೋ ಬೇರೆ ವಿಹಾರಕ್ಕೋ ಹೋಗಿ ಭಿಕ್ಖುಗಳಿಗೆ ದಾನ ಕೊಡುವುದಿದ್ದರೆ ಗಡಿಯಾರ ನೋಡಿ. ಒಂದು ಗಂಟೆಗೆ ಬುತ್ತಿ ಬಿಚ್ಚಿದರೆ ಅವರು ಉಣ್ಣುವಂತಿಲ್ಲ, ಊಟ ನಡುಹಗಲಿನೊಳಗೆ ಮುಗಿಯಬೇಕು. ಎದುರಿಗೆ ಇಟ್ಟರೆ ಸಾಲದು, ಕೈಯಾರೆ ಅರ್ಪಿಸಬೇಕು. ಸಂಜೆಗೆ ಸೋಸಿದ ಹಣ್ಣಿನ ರಸ ನಡೆಯುತ್ತದೆ, ಮಜ್ಜಿಗೆ ಊಟದ ಲೆಕ್ಕಕ್ಕೆ ಹೋಗುತ್ತದೆ. ತುಪ್ಪ, ಜೇನು, ಬೆಲ್ಲವನ್ನು ಔಷಧಿಯಾಗಿ ಏಳು ದಿನ ಇಟ್ಟುಕೊಳ್ಳಬಹುದು. ನೋಟು ಮಾತ್ರ ಅವರ ಕೈಗೆ ತುರುಕಬೇಡಿ, ವಿಹಾರದ ಆಡಳಿತದವರಿಗೆ ಕೊಡಿ.